ಮೂಕಪ್ರಾಣಿಯ ನೋವು

ನೇತ್ರಾವತಿಯ ದಡದ ಪಾಣೆಮಂಗಳೂರಿನಲ್ಲಾಗಲಿ, ಬೇರೆಲ್ಲೇ ಆಗಲಿ, ಮುದಿ ನಾಯಿ ಕುಂಟತೊಡಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಅದು ಬಹುಮಟ್ಟಿಗೆ ಸವೆದ ಕೀಲುಗಳ ವೇದನೆ. ಮೂಕಪ್ರಾಣಿ ನೋವನ್ನು ಅಡಗಿಸಿಕೊಳ್ಳುತ್ತದೆ. ಮೆಟ್ಟಿಲೇರಲು ಹಿಂಜರಿಯುವುದು, ಅನ್ನ ಬಿಡುವುದು, ಮೂಲೆ ಸೇರುವುದು, ಇವೇ ಅದರ ಮಾತು.

ಮರುಕದಿಂದ ನಮ್ಮ ಮಾತ್ರೆಯನ್ನೇ ಕೊಡುವುದು ಮತ್ತಷ್ಟು ಅಪಾಯಕರ. ಜ್ವರವನ್ನಿಳಿಸುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ನಿರ್ವಿಷಗೊಳಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲವಾದ್ದರಿಂದ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ರೋಗ ಗುಣವಾಗದಿದ್ದರೂ ನೋವನ್ನು ತಗ್ಗಿಸಬಹುದು. ಪಶುವೈದ್ಯರು ತೂಕ ನೋಡಿ ಕೊಡುವ ನೋವುಶಾಮಕ, ಜಾರದ ನೆಲ, ಆಟಿಯ ಮಳೆಗೆ ಒದ್ದೆಯಾಗದ ಹಾಸು, ಇಷ್ಟರಿಂದಲೇ ಮುದಿಜೀವಕ್ಕೆ ನೆಮ್ಮದಿ. ಸಾಕಿದವನು ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳತಕ್ಕದ್ದೆಂದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೇ ವಿಧಿಸಿದೆ. ಮನೆ ಕಾಯ್ದ ಜೀವದ ಋಣ ಅದಕ್ಕಿಂತ ಹಿರಿದಲ್ಲವೆ?