ಹಾಡಬಹುದಾದ ರೇಡಿಯೋ ಮಾತಾಡಬಾರದೇಕೆ?

2022ರ ಎಪ್ರಿಲ್‌ನಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯದ ರಥೋತ್ಸವ ನಡೆಯಿತು. ರಥೋತ್ಸವದ ಸಂದರ್ಭದಲ್ಲಿ ಖಾಜಿಯೊಬ್ಬರು ಕುರ್‌ಆನ್ ವಚನಗಳನ್ನು ಪಠಿಸುವುದು ಅಲ್ಲಿ ತಲೆಮಾರುಗಳಿಂದ ನಡೆದು ಬಂದ ಪದ್ಧತಿ. ಆ ವರ್ಷ ಹಿಂದುತ್ವ ಸಂಘಟನೆಗಳು ಅದನ್ನು ವಿರೋಧಿಸಿದುವು. ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗ ಕೊಡಬಾರದೆಂಬ ಅಭಿಯಾನವು ಕರಾವಳಿಯಿಂದ ಘಟ್ಟ ಹತ್ತಿ ಬಂದಿದ್ದ ದಿನಗಳವು. ಆದರೆ ಮುಜರಾಯಿ ಇಲಾಖೆಯು ಪದ್ಧತಿ ಮುಂದುವರಿಯಲಿ ಎಂದಿತು. ಪಠಣ ನಡೆಯಿತು, ರಥವೂ ಚಲಿಸಿತು. ಮರುವರ್ಷ ಮತ್ತೆ ಅದೇ ತಕರಾರು ಎದ್ದಿತು.

ಇಂಥ ಸಂದರ್ಭಗಳಲ್ಲಿ ಟಿ.ವಿ. ವಾಹಿನಿಗಳು ಏನು ಮಾಡುತ್ತವೆಂಬುದು ಓದುಗರಿಗೆ ಹೊಸತಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ನಾಲ್ವರನ್ನು ಕೂರಿಸಿ ಕಿರುಚಾಡಿಸಲಾಗುತ್ತದೆ. ಆ ನಾಲ್ವರಲ್ಲಿ ಒಬ್ಬರಾದರೂ ಬೇಲೂರಿನ ರಥದ ಹಗ್ಗ ಹಿಡಿದವರಾಗಿರುತ್ತಾರೆಯೇ? ರಥಬೀದಿಯಲ್ಲಿ ಹೂ, ಬಳೆ, ಬತ್ತಾಸು ಮಾರುವವರಾಗಿರುತ್ತಾರೆಯೇ? ಆ ಪದ್ಧತಿಯನ್ನು ಬಾಲ್ಯದಿಂದ ಕಂಡ ಅರ್ಚಕರೋ ಖಾಜಿಯ ನೆರೆಮನೆಯವರೋ ಆಗಿರುತ್ತಾರೆಯೇ? ಊರಿನ ಪ್ರಶ್ನೆಯನ್ನು ಊರಿನವರೇ ಚರ್ಚಿಸುವ ಸಾಧನವೊಂದು ಊರಿನಲ್ಲೇ ಇದ್ದಿದ್ದರೆ ಏನಾಗುತ್ತಿತ್ತು?

ಅಂಥದ್ದೊಂದು ಸಾಧನ ಈ ದೇಶದಲ್ಲಿ ಇಲ್ಲವೆಂದಲ್ಲ. ಅದರ ಹೆಸರು ಸಮುದಾಯ ಬಾನುಲಿ. ನೂರು ವಾಟ್‌ನ ಪುಟ್ಟ ಪ್ರೇಷಕ, ಮೂವತ್ತು ಮೀಟರ್ ಮೀರದ ಗೋಪುರ, ಹತ್ತು-ಹದಿನೈದು ಕಿಲೋಮೀಟರ್ ವ್ಯಾಪ್ತಿ. ಲಾಭಕ್ಕಾಗಿ ನಡೆಸುವಂತಿಲ್ಲ, ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯವಾಗಿಯೇ ತಯಾರಾಗಬೇಕು. ಇವೆಲ್ಲ ಒಪ್ಪತಕ್ಕ ನಿಯಮಗಳೇ. ಆದರೆ ಇವುಗಳ ಜೊತೆ ಇನ್ನೊಂದು ನಿಯಮವಿದೆ: ಸಮುದಾಯ ಬಾನುಲಿಯು ಸುದ್ದಿಯನ್ನಾಗಲಿ, ಪ್ರಚಲಿತ ವಿದ್ಯಮಾನಗಳ ಚರ್ಚೆಯನ್ನಾಗಲಿ ಸ್ವತಃ ಪ್ರಸಾರ ಮಾಡುವಂತಿಲ್ಲ. ಹೆಚ್ಚೆಂದರೆ ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು. ಹವಾಮಾನ ಹೇಳಬಹುದು, ಪರೀಕ್ಷೆಯ ಫಲಿತಾಂಶ ಹೇಳಬಹುದು, ನೀರು ಬಿಡುವ ಸಮಯವನ್ನೂ ಕರೆಂಟು ಹೋಗುವ ಸಮಯವನ್ನೂ ಹೇಳಬಹುದು. ಕರೆಂಟು ಯಾಕೆ ಹೋಗುತ್ತಿದೆ, ನೀರು ಯಾರ ತೋಟಕ್ಕೆ ಹರಿಯುತ್ತಿದೆ ಎಂದು ಕೇಳಹೊರಟರೆ ಪರವಾನಿಗೆಗೇ ಕುತ್ತು ಬರಬಹುದು. ಹಾಡನ್ನಂತೂ ದಿನವಿಡೀ ಹಾಕಬಹುದು.

2005ರ ಫೆಬ್ರವರಿ 1ರಂದು ನೇಪಾಳದ ದೊರೆ ಜ್ಞಾನೇಂದ್ರ ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಾಗ ಎಫ್.ಎಂ. ಕೇಂದ್ರಗಳಿಗೆ ನೀಡಿದ ಆಜ್ಞೆಯೂ ಇದುವೇ. ಸುದ್ದಿ ಬೇಡ, ಸಂಗೀತ ಮಾತ್ರ ಸಾಕು. ದಕ್ಷಿಣ ಏಶ್ಯದಲ್ಲಿ ಸಮುದಾಯ ಬಾನುಲಿಗೆ ದಾರಿ ತೋರಿದ, 1997ರಲ್ಲಿ ಆರಂಭವಾದ ರೇಡಿಯೋ ಸಾಗರಮಾಥಾ ಕೂಡ ಆ ಆಜ್ಞೆಯಿಂದ ಹೊರತಾಗಿರಲಿಲ್ಲ. ಬಳಿಕ ನ್ಯಾಯಾಲಯದಲ್ಲಿ ಹೋರಾಟ ನಡೆಯಿತು, ಬೀದಿಯಲ್ಲಿಯೂ ಹೋರಾಟ ನಡೆಯಿತು, ಮುಂದೆ ರಾಜಪ್ರಭುತ್ವವೇ ಕೊನೆಗೊಂಡಿತು. ಅಲ್ಲಿ ಒಬ್ಬ ಅರಸ ಬಲಾತ್ಕಾರದಿಂದ ಹೇರಿದ್ದನ್ನು ಇಲ್ಲಿ ಒಂದು ಗಣರಾಜ್ಯವು ಮಾರ್ಗಸೂಚಿಯ ಒಂದು ಕಲಮಿನಿಂದ ಸಾಧಿಸಿದೆ. ಪಕ್ಷಗಳು ಬದಲಾದುವು, ಪ್ರಧಾನಿಗಳು ಬದಲಾದರು. ಈ ಕಲಮನ್ನು ಮಾತ್ರ ಯಾರೂ ಕಿತ್ತೆಸೆಯಲಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಮಾರ್ಗಸೂಚಿಗಳನ್ನು ಪರಿಷ್ಕರಿಸಿದಾಗ ಗಂಟೆಗೆ 7 ನಿಮಿಷವಿದ್ದ ಜಾಹೀರಾತನ್ನು 12 ನಿಮಿಷಕ್ಕೆ ಏರಿಸಿತು. ಜಾಹೀರಾತಿಗೆ ಐದು ನಿಮಿಷ ಹೆಚ್ಚು ಸಿಕ್ಕಿತು, ಊರಿನ ಸುದ್ದಿಗೆ ಐದು ಸೆಕೆಂಡೂ ಸಿಗಲಿಲ್ಲ.

ಇಷ್ಟಕ್ಕೂ ಈ ಗಾಳಿ ಯಾರದ್ದು? ಈ ಪ್ರಶ್ನೆಗೆ ಸುಪ್ರೀಮ್ ಕೋರ್ಟು 1995ರ ಫೆಬ್ರವರಿಯಲ್ಲೇ ಉತ್ತರಿಸಿದೆ. ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರಕಾರಕ್ಕೂ ನಡೆದ ವ್ಯಾಜ್ಯದಲ್ಲಿ, ವಾಯುತರಂಗಗಳು ಸಾರ್ವಜನಿಕ ಆಸ್ತಿ, ಅವುಗಳ ಮೇಲೆ ಸರಕಾರಕ್ಕೂ ಏಕಸ್ವಾಮ್ಯವಿಲ್ಲ ಎಂದು ಅದು ಸ್ಪಷ್ಟಪಡಿಸಿತು. ಕ್ರಿಕೆಟ್ ಪಂದ್ಯದ ಪ್ರಸಾರ ಹಕ್ಕಿನ ಜಗಳವೊಂದು ಬಡವರ ಮಾತಿನ ಹಕ್ಕಿಗೆ ದಾರಿ ಮಾಡಿಕೊಟ್ಟದ್ದು ಈ ದೇಶದ ವೈಚಿತ್ರ್ಯಗಳಲ್ಲೊಂದು. ಆದರೆ ಆ ದಾರಿಯಲ್ಲಿ ಮೊದಲು ನುಗ್ಗಿದವರು ಬಡವರಲ್ಲ. ಖಾಸಗಿ ವಾಹಿನಿಗಳ ಮಾಲಕರು ನುಗ್ಗಿದರು. ಖಾಸಗಿ ಎಫ್.ಎಂ.ಗಳು ಹರಾಜಿನಲ್ಲಿ ತರಂಗಗಳನ್ನು ಕೊಂಡವು. 2002ರ ಕೊನೆಯಲ್ಲಿ ಕೇಂದ್ರವು ಬಾಗಿಲನ್ನು ಸ್ವಲ್ಪ ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಜನರ ಸಂಘ-ಸಂಸ್ಥೆಗಳಿಗೆ ಅನುಮತಿ ದೊರೆಯಲು 2006ರ ನವೆಂಬರ್‌ವರೆಗೆ ಕಾಯಬೇಕಾಯಿತು.

ಕನ್ನಡಿಗರಿಗೆ ಇದರಲ್ಲಿ ವಿಶೇಷ ಅಪಮಾನವಿದೆ. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 30 ವಾಟ್‌ನ ಪ್ರೇಷಕವನ್ನು ತಮ್ಮ ಮನೆಯಲ್ಲೇ ಇರಿಸಿ ಬಾನುಲಿ ಆರಂಭಿಸಿದರು. ಇಂದಿನ ಸಮುದಾಯ ಬಾನುಲಿಗೆ ಕೊಡುವ ಶಕ್ತಿಯ ಮೂರನೆಯ ಒಂದಂಶವೂ ಅದಕ್ಕಿರಲಿಲ್ಲ. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಕೆಲವು ವರ್ಷಗಳ ಬಳಿಕ ಅದು ಮೈಸೂರು ಸಂಸ್ಥಾನದ ಕೈ ಸೇರಿತು. ಹೆಸರು ದೆಹಲಿಯ ಪಾಲಾಯಿತು. ನಾಗರಿಕನೊಬ್ಬ ತನ್ನ ಮನೆಯಿಂದ ಊರಿಗೆ ಮಾತಾಡಿದ ಸಾಹಸವು ಸರಕಾರೀ ಪ್ರಸಾರದ ಹೆಸರಾಗಿ ಉಳಿಯಿತು, ನಾಗರಿಕನಿಗೆ ಮಾತ್ರ ಬಾಗಿಲು ಮುಚ್ಚಿತು.

ಮತ್ತೆ ಅದನ್ನು ತಟ್ಟಿದವರೂ ಕರ್ನಾಟಕದವರೇ. ಹೈದರ್ ಅಲಿಯ ಹುಟ್ಟೂರೆಂದು ಹೆಸರಾದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಹುಟ್ಟಿಕೊಂಡಿತು. ಮೈರಾಡ, ವಾಯ್ಸಸ್ ಸಂಸ್ಥೆಗಳೂ ಯುನೆಸ್ಕೋವೂ ಅದರ ಬೆನ್ನಿಗಿದ್ದುವು. ಗಾಳಿಯಲ್ಲಿ ಪ್ರಸಾರ ಮಾಡುವುದು ಕಾನೂನುಬಾಹಿರವಾಗಿದ್ದುದರಿಂದ ಅವರು ಟಿ.ವಿ. ಕೇಬಲಿನ ತಂತಿಯ ಮೂಲಕ ಮನೆ ಮನೆಗೆ ಧ್ವನಿ ತಲುಪಿಸಿದರು. ಗಾಳಿ ಸಾರ್ವಜನಿಕ ಆಸ್ತಿಯೆಂದು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿದ ಮೇಲೂ ಹಳ್ಳಿಯ ಹೆಣ್ಣುಮಕ್ಕಳು ತಮ್ಮ ಮಾತನ್ನು ತಂತಿಯೊಳಗೆ ಹಾಯಿಸಬೇಕಾಗಿ ಬಂತು! ಮುಂದೆ 2008ರ ಅಕ್ಟೋಬರ್‌ನಲ್ಲಿ ಆಗಿನ ಆಂಧ್ರದ ಮೇದಕ್ ಜಿಲ್ಲೆಯ ಮಾಚನೂರಿನಲ್ಲಿ ‘ಸಂಗಮ್ ರೇಡಿಯೋ’ ಆರಂಭವಾಯಿತು. ಸ್ವಯಂಸೇವಾ ಸಂಸ್ಥೆಯೊಂದರ ಹೆಸರಲ್ಲಿ ಗಾಳಿಯಲ್ಲಿ ಪ್ರಸಾರಗೊಂಡ ದೇಶದ ಮೊದಲ ಸಮುದಾಯ ಬಾನುಲಿ ಅದು. ನಡೆಸಿದವರು ದಲಿತ ಮಹಿಳೆಯರು.

ಸುದ್ದಿ ನಿಷೇಧಕ್ಕೆ ಸರಕಾರ ನೀಡುವ ಕಾರಣ ಭದ್ರತೆ. 2013ರಲ್ಲಿ ‘ಕಾಮನ್ ಕಾಸ್’ ಸಂಸ್ಥೆಯು ಈ ನಿಷೇಧವನ್ನು ಸುಪ್ರೀಮ್ ಕೋರ್ಟಿನಲ್ಲಿ ಪ್ರಶ್ನಿಸಿದಾಗಲೂ ಸರಕಾರದ ವಾದ ಇದರ ಸುತ್ತಲೇ ಸುತ್ತಿತು. ಸಣ್ಣ ಕೇಂದ್ರಗಳನ್ನು ದುಷ್ಟಶಕ್ತಿಗಳು ವಶಪಡಿಸಿಕೊಂಡರೆ? ದ್ವೇಷ ಹರಡಿದರೆ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದ್ವೇಷದ ಮಾತಿನ ಬೆಲೆ ತೆತ್ತ ಸಮುದಾಯಕ್ಕೆ ಆ ಭಯ ಚೆನ್ನಾಗಿ ಗೊತ್ತು. ರುವಾಂಡದಲ್ಲಿ 1994ರಲ್ಲಿ ಲಕ್ಷಾಂತರ ತುತ್ಸಿಗಳ ಹತ್ಯೆಗೆ ಜನರನ್ನು ಹುರಿದುಂಬಿಸಿದ್ದು ಆರ್.ಟಿ.ಎಲ್.ಎಂ. ಎಂಬ ರೇಡಿಯೋ. ಆದರೆ ಅದು ಯಾರದಾಗಿತ್ತು? ಹಳ್ಳಿಯ ಬಡವರದ್ದೇ? ಅಲ್ಲ. ಅಧಿಕಾರಸ್ಥರ ಆಪ್ತ ವಲಯದವರು ಹಣ ಹಾಕಿ ಕಟ್ಟಿದ ರೇಡಿಯೋ ಅದು. ಜನರನ್ನು ಸೆಳೆಯಲು ಅದು ಮೊದಲು ಬಳಸಿದ್ದು ಜನಪ್ರಿಯ ಸಂಗೀತವನ್ನು ಎಂಬುದನ್ನೂ ನೆನಪಿಡಬೇಕು. ಹಾಡು ನಿರಪಾಯ, ಮಾತು ಮಾತ್ರ ಅಪಾಯ ಎಂಬ ವಿಂಗಡಣೆ ಅಲ್ಲಿಯೇ ಸುಳ್ಳಾಯಿತು.

ಇನ್ನು ನಮ್ಮಲ್ಲಿ. ದ್ವೇಷ ಬಿತ್ತಿದ ಆರೋಪ ಹೊತ್ತು ನಿಂತಿರುವವರು ಯಾರು? ದಿನದ ಇಪ್ಪತ್ತನಾಲ್ಕು ತಾಸು ಸುದ್ದಿ ಹೇಳುವ ಪರವಾನಿಗೆ ಪಡೆದ ವಾಹಿನಿಗಳು. 2020ರಲ್ಲಿ ಕೊರೋನಾ ಸೋಂಕಿಗೆ ಒಂದು ಧರ್ಮದ ಹೆಸರು ಅಂಟಿಸಿದ್ದು ಯಾವ ಸಮುದಾಯ ಬಾನುಲಿ? ದೇಶದಾದ್ಯಂತ ತಲುಪುವ ವಾಹಿನಿಗೆ ಇಲ್ಲದ ನಿಷೇಧವು ಹದಿನೈದು ಕಿಲೋಮೀಟರ್ ದಾಟದ ಬಾನುಲಿಗೆ ಯಾಕೆ? ಪ್ರಸಾರವಾದ ಕಾರ್ಯಕ್ರಮಗಳ ಧ್ವನಿಮುದ್ರಣವನ್ನು ಮೂರು ತಿಂಗಳು ಕಾಪಿಡಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಮಾತಾಡಿದವರು ಯಾರೆಂಬುದು ಊರಿಗೆಲ್ಲ ಗೊತ್ತಿರುತ್ತದೆ. ಹೆಸರಿಲ್ಲದ ವಾಟ್ಸಪ್ ಸಂದೇಶಕ್ಕಿಂತ ಇದು ನೂರು ಪಾಲು ಹೊಣೆಗಾರಿಕೆಯ ಮಾಧ್ಯಮ. ಹಾಗಿದ್ದರೂ ಭಯ ಇದರದ್ದೇ ಎಂದಾದರೆ, ಆ ಭಯ ದ್ವೇಷದ್ದಲ್ಲ, ಪ್ರಶ್ನೆಯದ್ದು ಎಂದೇ ತಿಳಿಯಬೇಕಾಗುತ್ತದೆ.

ಅರಸೀಕೆರೆಯ ಕೊಬ್ಬರಿಯನ್ನೇ ತೆಗೆದುಕೊಳ್ಳಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಎ.ಪಿ.ಎಂ.ಸಿ.ಯ ಅಂದಿನ ದರ ಇಷ್ಟು ಎಂದು ಬಾನುಲಿ ತಿಳಿಸಿದರೆ ಅದು ‘ಮಾಹಿತಿ’. ನಾಫೆಡ್ ಖರೀದಿ ಎಷ್ಟು ನಡೆಯಿತು, ಸಾಲಿನಲ್ಲಿ ಯಾರು ನಿಂತರು, ಯಾರು ನಿಲ್ಲದೆಯೇ ಮಾರಿದರು, ಸಂಸದರು ಏನೆಂದರು ಎಂದು ರೈತರನ್ನು ಕೂರಿಸಿ ಕೇಳಿದರೆ ಅದು ‘ಪ್ರಚಲಿತ ವಿದ್ಯಮಾನ’. ದರ ಹೇಳಬಹುದು, ದರ ಬಿದ್ದುದಕ್ಕೆ ಕಾರಣ ಕೇಳಬಾರದು. ಬೇಲೂರು ಸೀಮೆಯ ಕಾಫಿ ತೋಟಗಳಿಗೆ ಆನೆ ನುಗ್ಗಿದರೆ ಎಚ್ಚರಿಕೆ ನೀಡಬಹುದು. ಆನೆ ತುಳಿದು ಸತ್ತ ಕೂಲಿಯಾಳಿನ ಮನೆಗೆ ಪರಿಹಾರ ತಲುಪಿತೇ ಎಂಬ ಚರ್ಚೆ ಗೆರೆಯ ಆಚೆಗೆ ಹೋಗುತ್ತದೆ.

ಹಳೇಬೀಡಿನದ್ದು ಇನ್ನೂ ಸೂಕ್ಷ್ಮ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಹೆಮ್ಮೆಯ ಸಂಗತಿ, ಸಂದೇಹವಿಲ್ಲ. ಆದರೆ ಸಂರಕ್ಷಿತ ಸ್ಮಾರಕದ 100 ಮೀಟರ್ ಸುತ್ತ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ. ಆ ಗೆರೆಯೊಳಗೆ ಬದುಕುವ ಕುಟುಂಬ ಸೋರುವ ಮಾಡನ್ನು ರಿಪೇರಿ ಮಾಡಿಸಲು ಯಾರ ಅನುಮತಿ ಪಡೆಯಬೇಕು, ಪ್ರವಾಸಿಗರ ಹಣದಲ್ಲಿ ಊರಿನ ಚರಂಡಿಗೆ ಪಾಲೆಷ್ಟು? ಹೊಯ್ಸಳೇಶ್ವರನ ಗೋಡೆಯ ಶಿಲ್ಪಗಳ ಬಗ್ಗೆ ಬಾನುಲಿ ನೂರು ಕಂತು ಪ್ರಸಾರ ಮಾಡಬಹುದು. ಗೋಡೆಯಾಚೆಯ ಮನುಷ್ಯರ ಬಗ್ಗೆ ತುಟಿ ಬಿಚ್ಚುವಾಗ ಮಾತ್ರ ಮಾರ್ಗಸೂಚಿಯ ಪುಟ ತಿರುವಬೇಕು. 1311ರ ಮಲಿಕ್ ಕಾಫೂರನ ದಂಡಯಾತ್ರೆಯನ್ನು ವೇದಿಕೆಗಳಿಂದ ಎಷ್ಟು ಬೇಕಾದರೂ ಕೆದಕುತ್ತಾರೆ. ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಬೇಲೂರಿನ ರಥದ ಮುಂದೆ ಖಾಜಿ ನಿಂತ ಕತೆಯನ್ನು ಹೇಳಲು ಮೈಕಿಲ್ಲ.

ಅಂದಹಾಗೆ ಸಂಗೀತದ ಕುರಿತು ಒಂದು ಮಾತು. ಸಂಗೀತದ ಕುರಿತು ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದು ಇಂದಿನದ್ದೂ ಅಲ್ಲ. ಅದನ್ನು ಇಲ್ಲಿ ಇತ್ಯರ್ಥಪಡಿಸಬೇಕಾಗಿಲ್ಲ. ಆದರೆ ಸರಕಾರಗಳು ಸಂಗೀತವನ್ನು ನಿರಪಾಯವೆಂದು ಎಂದೂ ನಂಬಿರಲಿಲ್ಲ ಎಂಬುದಕ್ಕೆ ಆಕಾಶವಾಣಿಯ ಇತಿಹಾಸವೇ ಸಾಕ್ಷಿ. ಹಾರ್ಮೋನಿಯಂ ಭಾರತೀಯವಲ್ಲವೆಂದು 1940ರಿಂದ ಮೂರು ದಶಕ ಅದನ್ನು ಹೊರಗಿರಿಸಲಾಗಿತ್ತು. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳು ಅಭಿರುಚಿ ಕೆಡಿಸುತ್ತವೆಂದು ಹೊರದಬ್ಬಿದರು. ದೇಶವಿಡೀ ರೇಡಿಯೋ ಸಿಲೋನ್ ಕಡೆಗೆ ಕಿವಿ ತಿರುಗಿಸಿತು. 1957ರಲ್ಲಿ ವಿವಿಧ ಭಾರತಿ ಆರಂಭಿಸಿ ಅವುಗಳನ್ನು ಮರಳಿ ಕರೆಯಬೇಕಾಯಿತು. ಇನ್ನು ಶಿಶುನಾಳ ಶರೀಫರ ತತ್ವಪದ ಬರಿಯ ಹಾಡೇ? ಬ್ರಾಹ್ಮಣ ಗುರುವೂ ಮುಸ್ಲಿಮ್ ಶಿಷ್ಯನೂ ಒಂದೇ ಪಂಕ್ತಿಯಲ್ಲಿ ನಿಂತ ಚರಿತ್ರೆ ಅದರ ಬೆನ್ನಿಗಿಲ್ಲವೇ? ಸಿದ್ದಲಿಂಗಯ್ಯನವರ ಹೋರಾಟದ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯ ಹುಡುಗರು ಕೇರಿ ಕೇರಿಗೆ ಒಯ್ದಾಗ ಅದು ಸಂಗೀತವಾಗಿತ್ತೇ, ರಾಜಕೀಯವಾಗಿತ್ತೇ? ಅಧಿಕಾರಿಯೊಬ್ಬ ಕತ್ತರಿ ಹಿಡಿದು ಇವೆರಡನ್ನು ಬೇರ್ಪಡಿಸಲಾರ. ಮೊಹರ್ರಂನ ಪದವೋ, ತಾಂಡಾದ ಲಂಬಾಣಿ ಹಾಡೋ, ಮನೆಮಾತಾದ ದಖ್ಖನಿಯಲ್ಲಿ ಅಜ್ಜಿ ಹೇಳುವ ಕತೆಯೋ ಊರಿನ ಬಾನುಲಿಯಲ್ಲಿ ಕೇಳಿಬರುವುದೇ ನ್ಯಾಯದ ಒಂದು ಪ್ರಶ್ನೆ. ಯಾರ ಧ್ವನಿ ಕೇಳುತ್ತದೆ, ಯಾರದು ಕೇಳುವುದಿಲ್ಲ ಎಂಬುದು ರಾಜಕೀಯವಲ್ಲದೆ ಮತ್ತೇನು?

ಆದ್ದರಿಂದ ಸುದ್ದಿ ನಿಷೇಧದ ಆ ಕಲಮು ಹೋಗಬೇಕು. ಹಾಸನದ ಜನಪ್ರತಿನಿಧಿಗಳು ಇದನ್ನು ಸಂಸತ್ತಿನಲ್ಲಿ ಕೇಳಬೇಕು. ಕೇಳುವಂತೆ ಮಾಡಬೇಕಾದವರು ಮತದಾರರು.

ಆದರೆ ಅಲ್ಲಿಯ ತನಕ ಕೈಕಟ್ಟಿ ಕೂರುವುದಕ್ಕೆ ನಮಗೆ ನೆವವಿಲ್ಲ. ದೇಶದಲ್ಲಿ ಐನೂರರ ಆಸುಪಾಸಿನಲ್ಲಿರುವ ಸಮುದಾಯ ಬಾನುಲಿಗಳಲ್ಲಿ ಬಹಳಷ್ಟನ್ನು ನಡೆಸುತ್ತಿರುವುದು ಶಿಕ್ಷಣ ಸಂಸ್ಥೆಗಳು. ಮುಸ್ಲಿಮ್ ಸಂಘ-ಸಂಸ್ಥೆಗಳು ಎಷ್ಟು ಕಡೆ ಅರ್ಜಿ ಹಾಕಿವೆ? ಮಾಧ್ಯಮ ನಮ್ಮನ್ನು ತಪ್ಪಾಗಿ ಚಿತ್ರಿಸುತ್ತದೆಂದು ಪ್ರತಿ ಸಭೆಯಲ್ಲೂ ದೂರುತ್ತೇವೆ. ಮದುವೆಯ ಒಂದೇ ರಾತ್ರಿಯ ದೀಪಾಲಂಕಾರಕ್ಕೂ ಔತಣಕ್ಕೂ ಲಕ್ಷಗಳನ್ನು ಸುರಿಯುವ ಸಿರಿವಂತರು ನಮ್ಮಲ್ಲಿದ್ದಾರೆ. ಮಸೀದಿಯ ಧ್ವನಿವರ್ಧಕದ ಬಗ್ಗೆ ಹೋರಾಡುವ ಉತ್ಸಾಹದ ಹತ್ತನೆಯ ಒಂದಂಶವನ್ನು ಊರಿಗೆಲ್ಲ ಕೇಳಿಸುವ ಧ್ವನಿಯೊಂದಕ್ಕೆ ಮೀಸಲಿಟ್ಟದ್ದಿದೆಯೇ? ಹಾಗಂತ ಇದು ಮುಸ್ಲಿಮರ ಬಾನುಲಿಯಾಗಬೇಕೆಂದಲ್ಲ. ಪ್ರವಚನಕ್ಕೆ ವೇದಿಕೆಗಳು ಬೇಕಾದಷ್ಟಿವೆ. ಕೊಬ್ಬರಿ ಬೆಳೆದ ಲಿಂಗಾಯತ ರೈತ, ಅದನ್ನು ಕೊಳ್ಳುವ ಮುಸ್ಲಿಮ್ ವ್ಯಾಪಾರಿ, ಮೂಟೆ ಹೊರುವ ದಲಿತ ಹಮಾಲಿ ಒಂದೇ ಮೈಕಿನ ಮುಂದೆ ಕೂರುವಂತಾಗಬೇಕು. ಆಡಳಿತ ಮಂಡಳಿಯಲ್ಲಿ ಈ ಮೂವರೂ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಒಂದೇ ಜಮಾಅತಿನ ಹಿಡಿತಕ್ಕೆ ಸಿಕ್ಕಿದ ದಿನ ಅದು ಸಮುದಾಯ ಬಾನುಲಿಯಾಗಿ ಉಳಿಯುವುದಿಲ್ಲ.

ಅರ್ಜಿ ಹಾಕುವ ಸಂಸ್ಥೆ ನೋಂದಾಯಿತವಾಗಿರಬೇಕು, ಊರಿನಲ್ಲಿ ಕನಿಷ್ಠ ಮೂರು ವರ್ಷ ಸೇವೆ ಮಾಡಿದ ದಾಖಲೆ ಇರಬೇಕು, ಅಷ್ಟೇ. ವಿದ್ಯಾರ್ಥಿವೇತನ ಹಂಚುವ, ಆರೋಗ್ಯ ಶಿಬಿರ ನಡೆಸುವ ಸಂಘ-ಸಂಸ್ಥೆಗಳಲ್ಲಿ ಈ ಅರ್ಹತೆಯುಳ್ಳವು ನಮ್ಮ ಊರುಗಳಲ್ಲೇ ಇವೆ. ರಾಜಕೀಯ ಪಕ್ಷಗಳಿಗೂ ವ್ಯಕ್ತಿಗಳಿಗೂ ಅವಕಾಶವಿಲ್ಲ, ಅದು ಒಳ್ಳೆಯದೇ. ನೂರು ವಾಟ್‌ನ ಒಂದೇ ಪ್ರೇಷಕ ಅರಸೀಕೆರೆಯನ್ನೂ ಬೇಲೂರನ್ನೂ ಒಟ್ಟಿಗೆ ತಲುಪಲಾರದು. ಮೂರು ಊರಿಗೆ ಮೂರು ಬಾನುಲಿಗಳೇ ಬೇಕಾಗುತ್ತವೆ. ಮೊದಲ ಅರ್ಜಿ ಅರಸೀಕೆರೆಯಿಂದ ಹೋಗಲಿ. ರೈಲ್ವೆ ಜಂಕ್ಷನ್ನೂ ಮಾರುಕಟ್ಟೆಯೂ ಇರುವ ಊರದು; ಮಾತಾಡಬೇಕಾದವರೆಲ್ಲ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಬರುತ್ತಾರೆ.