ಎರರ್ ಕಾಲ್‌ಬ್ಯಾಕ್ ಇಲ್ಲದ ಸ್ಯಾಂಪಲ್ ಕೋಡ್ ಕೊಡಬೇಡಿ
ಕೋಡ್ ಕಟ್ಟೆ, ಭಾಗ 6

ಗೆಳೆಯರೇ, ಇವತ್ತು ಸ್ವಲ್ಪ ಜಗಳ ಆಡೋಣ.

ಬ್ರೌಸರ್‌ನಲ್ಲಿ ಲೊಕೇಶನ್ ತಗೊಳ್ಳೋದು ಹೇಗೆ ಅಂತ ಹುಡುಕಿ. ಎಷ್ಟೋ ಸ್ಯಾಂಪಲ್‌ಗಳು ಒಂದೇ ಥರ: ಗೆಟ್‌ಕರೆಂಟ್‌ಪೊಸಿಷನ್‌ಗೆ ಒಂದೇ ಒಂದು ಫಂಕ್ಷನ್ ಕೊಟ್ಟು, ಅಕ್ಷಾಂಶ-ರೇಖಾಂಶ ಪ್ರಿಂಟ್ ಮಾಡಿ ಕೈತೊಳ್ಕೊಂಡಿರ್ತಾರೆ. ಆದರೆ ಆ ಮೆಥಡ್‌ಗೆ ಮೂರು ಆರ್ಗ್ಯುಮೆಂಟ್ ಕೊಡಬಹುದು. ಮೊದಲನೇದು ಲೊಕೇಶನ್ ಸಿಕ್ಕಾಗ ಓಡೋ ಫಂಕ್ಷನ್, ಎರಡನೇದು ಸಿಗದಿದ್ದಾಗ ಓಡೋದು, ಮೂರನೇದು ಆಪ್ಷನ್ಸ್. ಎರಡನೇದನ್ನ ಬಿಟ್ಟರೂ ಕೋಡ್ ಓಡುತ್ತೆ. ಅದಕ್ಕೇ ಎಲ್ಲರೂ ಬಿಡ್ತಾರೆ.

ಬಿಟ್ಟರೆ ಏನಾಗುತ್ತೆ? ಬಳಸುವವರು 'ಬ್ಲಾಕ್' ಒತ್ತಿದರೆ ಎರರ್ ಕೋಡ್ 1. ಲೊಕೇಶನ್ ಸಿಗಲೇ ಇಲ್ಲ ಅಂದ್ರೆ 2. ಟೈಮ್ ಮೀರಿದರೆ 3. ಈ ಮೂರನ್ನೂ ಕೇಳಿಸ್ಕೊಳ್ಳೋಕೆ ನಿಮ್ಮ ಕೋಡ್‌ನಲ್ಲಿ ಯಾರೂ ಇಲ್ಲ. ಇನ್ನೂ ಮಜಾ ಏನಂದ್ರೆ, ಟೈಮೌಟ್ ನೀವು ಕೊಡದಿದ್ರೆ ಸ್ಪೆಕ್ ಪ್ರಕಾರ ಡೀಫಾಲ್ಟ್ 4294967295 ಮಿಲಿಸೆಕೆಂಡ್. ಲೆಕ್ಕ ಹಾಕಿ, 49 ದಿನಕ್ಕೂ ಜಾಸ್ತಿ! ಅಲ್ಲೀವರೆಗೂ ಸ್ಕ್ರೀನ್ ಮೇಲೆ ಚಕ್ರ ತಿರುಗ್ತಾ ಇರಲಿ ಅಂತೀರಾ?

"ಹೊಸಬರಿಗೆ ಗೊಂದಲ ಆಗುತ್ತೆ, ಸ್ಯಾಂಪಲ್ ಸಿಂಪಲ್ ಆಗಿರಲಿ" ಅನ್ನೋರಿಗೆ ನನ್ನ ಉತ್ತರ: ಎರರ್ ಮೊದಲು ಕಾಡೋದೇ ಹೊಸಬರನ್ನ. ಲ್ಯಾಪ್‌ಟಾಪ್‌ನ ಲೋಕಲ್‌ಹೋಸ್ಟ್‌ನಲ್ಲಿ ಕೋಡ್ ಚೆನ್ನಾಗಿ ಓಡುತ್ತೆ. ಅದನ್ನೇ ಫೋನ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿ ಅಡ್ರೆಸ್ ಹಾಕಿ, ಬರೀ ಎಚ್‌ಟಿಟಿಪಿಯಲ್ಲಿ ತೆರೀರಿ. ಪರ್ಮಿಷನ್ ಕೇಳೋದೂ ಇಲ್ಲ, ಸೀದಾ ಕೋಡ್ 1. ಯಾಕಂದ್ರೆ ಲೊಕೇಶನ್‌ಗೆ ಎಚ್‌ಟಿಟಿಪಿಎಸ್ ಬೇಕು. ಲೋಕಲ್‌ಹೋಸ್ಟ್‌ಗೆ ಮಾತ್ರ ವಿನಾಯಿತಿ. ಎರಡನೇ ಫಂಕ್ಷನ್ ಇದ್ದು ಮೆಸೇಜ್ ತೋರಿಸಿದ್ರೆ ಐದು ನಿಮಿಷದಲ್ಲಿ ಗೊತ್ತಾಗೋ ವಿಷಯ. ಇಲ್ಲದಿದ್ರೆ ಪಾಪ, ಆ ಜೂನಿಯರ್ ರಾತ್ರಿಯೆಲ್ಲ ತನ್ನ ಫೋನ್ ಜಿಪಿಎಸ್ ಅನ್ನೇ ಬೈತಾ ಕೂರ್ತಾನೆ.

ಹಾಗಂತ ಎರರ್ ಕಾಲ್‌ಬ್ಯಾಕ್ ಒಳಗೆ ಒಂದು ಕನ್ಸೋಲ್ ಲಾಗ್ ಹಾಕಿ ಬಿಟ್ಟರೂ ಸಾಲದು. ಆ್ಯಪ್ ಬಳಸೋ ಅಮ್ಮ ಕನ್ಸೋಲ್ ತೆರೀತಾರಾ? ಚಕ್ರ ನಿಲ್ಲಿಸಿ, "ಲೊಕೇಶನ್ ಸಿಗಲಿಲ್ಲ, ಊರಿನ ಹೆಸರು ಟೈಪ್ ಮಾಡಿ" ಅಂತ ಒಂದು ಬಾಕ್ಸ್ ಕೊಡಿ.

ಲ್ಯಾಬ್ ರೆಕಾರ್ಡ್, ರೀಡ್‌ಮಿ, ರೀಲ್ಸ್, ಎಲ್ಲೇ ಸ್ಯಾಂಪಲ್ ಹಾಕಿದ್ರೂ ಈ ಮೂರು ಇರಲಿ:
👉 ಎರರ್ ಕಾಲ್‌ಬ್ಯಾಕ್
👉 10000 ಮಿಲಿಸೆಕೆಂಡ್ ಥರ ಒಂದು ಟೈಮೌಟ್
👉 ಎರರ್ ಬೇಕಂತಲೇ ಬರಿಸೋದು ಹೇಗೆ ಅನ್ನೋ ಒಂದು ಸಾಲು: "ಬ್ಲಾಕ್ ಒತ್ತಿ ನೋಡಿ"

ಜನ ನಿಮ್ಮ ವಿವರಣೆ ಓದಲ್ಲ, ಕೋಡ್ ಕಾಪಿ ಮಾಡ್ತಾರೆ. ನೀವು ಬಿಟ್ಟಿದ್ದು ಅವರ ಆ್ಯಪ್‌ನಲ್ಲೂ ಇರಲ್ಲ.

ಇವತ್ತೇ ನಿಮ್ಮ ಹಳೇ ಪ್ರಾಜೆಕ್ಟ್ ತೆರೆದು ಬ್ಲಾಕ್ ಒತ್ತಿ. ಏನಾಯ್ತು ಅಂತ ಕಾಮೆಂಟ್‌ನಲ್ಲಿ ಹೇಳಿ. ಒಪ್ಪದವರೂ ಬನ್ನಿ, ವಾದ ಮಾಡೋಣ.

#ಕೋಡ್‌ಕಟ್ಟೆ #ಕನ್ನಡದಲ್ಲಿಕೋಡಿಂಗ್ #ಜಾವಾಸ್ಕ್ರಿಪ್ಟ್