ನಮ್ಮ ಬಣ್ಣಕ್ಕೆ ನಮ್ಮದೇ ಹೆಸರು

ಗಿಳಿಹಸಿರು, ನವಿಲುನೀಲಿ, ಅರಿಶಿನ, ಕುಂಕುಮ, ಬದನೆಕಾಯಿ ಬಣ್ಣ, ಈರುಳ್ಳಿ ಸಿಪ್ಪೆ ಬಣ್ಣ... ಸೀರೆ ಅಂಗಡಿಯಲ್ಲಿ ನಮ್ಮ ಅಮ್ಮಂದಿರ ಬಾಯಲ್ಲಿ ಹೆಸರುಗಳಿಗೆ ಬರವೇ ಇಲ್ಲ. ಅದೇ ನಾವು ಕಂಪ್ಯೂಟರ್ ಮುಂದೆ ಕೂತರೆ? ಡಾರ್ಕ್ ಗ್ರೀನ್, ಲೈಟ್ ಗ್ರೀನ್. ಅಷ್ಟೇ!

ತಂತ್ರಜ್ಞಾನದ ಅಡ್ಡಿ ಇದ್ದಿದ್ದರೆ ಸುಮ್ಮನಿರಬಹುದಿತ್ತು. ಎಕ್ಸೆಲ್ 2003ರವರೆಗೆ ಒಂದು ವರ್ಕ್‌ಬುಕ್ಕಿಗೆ 56 ಬಣ್ಣಗಳ ಪ್ಯಾಲೆಟ್ ಮಾತ್ರ ಇತ್ತು; ಹೊಸ ಬಣ್ಣ ಬೇಕೆಂದರೆ ಹಳೆಯದೊಂದನ್ನು ಬಲಿ ಕೊಡಬೇಕಿತ್ತು. 2007ರ ಆವೃತ್ತಿಯಲ್ಲಿ ಆ ಮಿತಿ ಹೋಯಿತು. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 255ರವರೆಗೆ ಅಂಕಿ ಕೊಡಬಹುದು, ಅಂದರೆ ಒಟ್ಟು 1,67,77,216 ಬಣ್ಣಗಳು. ಇಷ್ಟಿದ್ದೂ ನಾವು ಬಳಸುವುದು ಕಣ್ಣಿಗೆ ಮೊದಲು ಬಿದ್ದ ಹತ್ತನ್ನೇ.

ಲಿಬ್ರೆಆಫೀಸ್‌ನಲ್ಲಿ ಒಂದು ಸೊಗಸಿದೆ. ಇಂಪ್ರೆಸ್ ಅಥವಾ ಡ್ರಾನಲ್ಲಿ ಒಂದು ಆಕೃತಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಏರಿಯಾ ತೆರೆದು, ಕಲರ್ ಆರಿಸಿ. ಅಂಕಿಗಳನ್ನು ಹಾಕಿ (ನನ್ನ ಅರಿಶಿನಕ್ಕೆ 224, 168, 0) ಆಡ್ ಒತ್ತಿದರೆ ಅದು ಹೆಸರು ಕೇಳುತ್ತದೆ. ಅಲ್ಲಿ ಯುನಿಕೋಡ್‌ನಲ್ಲಿ 'ಅರಿಶಿನ' ಎಂದು ಧಾರಾಳವಾಗಿ ಟೈಪ್ ಮಾಡಬಹುದು! ಆಮೇಲೆ ಕಸ್ಟಮ್ ಪ್ಯಾಲೆಟ್‌ನಲ್ಲಿ ಆ ಚೌಕದ ಮೇಲೆ ಮೌಸ್ ಇಟ್ಟರೆ ಅಚ್ಚಕನ್ನಡದಲ್ಲೇ ಕಾಣುತ್ತದೆ.

"ಒಬ್ಬರ ಗಿಳಿಹಸಿರು ಇನ್ನೊಬ್ಬರಿಗೆ ಎಲೆಹಸಿರು, ಜಗಳ ಆಗಲ್ವಾ?" ಎನ್ನಬಹುದು. ಅದಕ್ಕೇ ಅಂಕಿ ಇರುವುದು. ಅಂಕಿ ಯಂತ್ರಕ್ಕೆ, ಹೆಸರು ನಮಗೆ. ಆದರೆ ಒಂದು ಮಾತು: ಕಡತದ ಜೊತೆ ಹೋಗುವುದು ಅಂಕಿ ಮಾತ್ರ, ಹೆಸರಲ್ಲ. ಆಡ್ ಒತ್ತಿ ಕೊಟ್ಟ ಹೆಸರು ಉಳಿಯುವುದು ನಮ್ಮದೇ ಯೂಸರ್ ಪ್ರೊಫೈಲ್‌ನಲ್ಲಿ; ಹಂಚಬೇಕೆಂದರೆ ಹೆಸರು, ಬಣ್ಣಗಳನ್ನು ಪ್ಯಾಲೆಟ್‌ನ ಎಸ್‌ಓಸಿ ಫೈಲ್‌ನಲ್ಲಿ ಬರೆಯಬೇಕು. ಅದೊಂದು ಸಾಮಾನ್ಯ ಎಕ್ಸ್‌ಎಂಎಲ್ ಫೈಲ್. ಗೆಳೆಯರಿಗೆ ಕಳಿಸಿದರೆ, ಅವರು ತಮ್ಮ ಯೂಸರ್ ಪ್ರೊಫೈಲ್‌ನ ಕಾನ್ಫಿಗ್ ಫೋಲ್ಡರ್‌ಗೆ ಹಾಕಿಕೊಂಡರಾಯಿತು.

ಇದೇನು ದೊಡ್ಡ ಕನ್ನಡ ಸೇವೆ ಅಂತ ನಾನು ಹೇಳುತ್ತಿಲ್ಲ. ಆದರೆ ಪದಗಳು ಸಾಯುವುದು ನಿಘಂಟಿನಲ್ಲಿ ಇಲ್ಲದ್ದರಿಂದ ಅಲ್ಲ, ದಿನಾ ಕೆಲಸ ಮಾಡುವ ಜಾಗದಲ್ಲಿ ಅವುಗಳಿಗೆ ಕೆಲಸ ಸಿಗದೆ. ನಮ್ಮ ದಿನದ ಎಂಟು ಗಂಟೆ ಕಳೆಯುವುದು ಸ್ಕ್ರೀನ್ ಮುಂದೆ. ಅಲ್ಲಿ ಕನ್ನಡಕ್ಕೆ ಒಂದು ಮೆನು ಪೂರ್ತಿ ಸಿಗದಿದ್ದರೂ, ಸಿಕ್ಕ ಒಂದು ಚೌಕವನ್ನಾದರೂ ಯಾಕೆ ಬಿಡಬೇಕು?

ನಿಮ್ಮ ಊರಿನ ಕಡೆ ಮಾತ್ರ ಬಳಸುವ ಬಣ್ಣದ ಹೆಸರುಗಳಿದ್ದರೆ ಹೇಳಿ. ಒಟ್ಟಿಗೆ ಕಲೆಹಾಕಿ ಒಂದು ಕನ್ನಡ ಪ್ಯಾಲೆಟ್ ಮಾಡೋಣ. ಏನಂತೀರಿ?